ಹಜರತಅಲಿಯ ಒಣ ನಳಿಕೆ

ಹಜರತಅಲಿ ಸವಣೂರಿನ ಬಣ್ಣಗಾರರ ಮನೆಯವನು. ಅರಿವೆಯನ್ನು ನೀರಿನಲ್ಲಿ ತೋಯಿಸಿಯೇ ಬಣ್ಣದ ಕೊಪ್ಪರಿಗೆಗೆ ಇಳಿಸಬೇಕು, ಇಲ್ಲವಾದರೆ ಕಲೆಕಲೆಯಾಗುತ್ತದೆ ಎಂಬುದು ಅವನ ಕೈಗೆ ಹುಟ್ಟಿನಿಂದ ಬಂದ ಪಾಠ. ಗಿರಣಿ ಸೀರೆಗಳು ಬಂದು ಕೊಪ್ಪರಿಗೆ ತಣ್ಣಗಾದ ಮೇಲೆ, 1962ರಲ್ಲಿ, ಡಾಕ್ಟರ್ ಚನ್ನವೀರಪ್ಪನವರ ದವಾಖಾನೆಯಲ್ಲಿ ಗಾಜಿನ ನಳಿಕೆ ತೊಳೆಯಲು ಸೇರಿದ. ಬಣ್ಣ ಬಲ್ಲ ಅವನ ಕಣ್ಣು ಕಂಡು ಡಾಕ್ಟರು ರಕ್ತಪರೀಕ್ಷೆಯನ್ನೂ ಕಲಿಸಿದರು. ಹೃದಯಕ್ಕೆ ಪೆಟ್ಟಾದರೆ ಅದರೊಳಗಿನ ಸತ್ವ ರಕ್ತಕ್ಕೆ ಸೋರುತ್ತದಂತೆ. ಆ ರಕ್ತದ ತಿಳಿರಸಕ್ಕೆ ಒಂದೊಂದಾಗಿ ಔಷಧ ಬೆರೆಸಿದರೆ, ಪೆಟ್ಟು ದೊಡ್ಡದಾದಷ್ಟೂ ಗಾಢವಾದ ಕಂದುಬಣ್ಣ ಏಳುತ್ತದಂತೆ. ಎದೆ ಸೀಳದೆ ಎದೆಯೊಳಗಿನ ಸುದ್ದಿ! ಅಲಿಗೆ ನಂಬಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಒಂದು ಮುಂಜಾನೆ ವೀಳ್ಯದೆಲೆ ಮಾರುವ ಮುದಕವ್ವ ಎದೆ ಹಿಡಿದುಕೊಂಡು ಬಂದಳು.

"ನಿನ್ನಿಯಿಂದ ವಾಯು ಆಗೇತ್ರಿ, ಒಂದು ಪುಡಿ ಕೊಡ್ರಿ. ಹಿರೇಕೆರೂರು ಸಂತಿಗೆ ಬುಟ್ಟಿ ಹೊತ್ತು ಹೋಗಬೇಕು."

"ಹೃದಯದ್ದಾಗಿದ್ರ ಆ ಬುಟ್ಟೀನ ನಿನ್ನ ಜೀವಾ ತಗೋತೈತಿ. ರಕ್ತ ನೋಡೂಣು ತಡಿ," ಎಂದರು ಡಾಕ್ಟರು.

ಅಲಿ ನಳಿಕೆ ಕೊಟ್ಟ. ರಕ್ತ ಹೆಪ್ಪುಗಟ್ಟಿದ ಮೇಲೆ ಹಳದಿ ತಿಳಿರಸ ಬರಬೇಕಿತ್ತು. ಬಂದದ್ದು ದಾಳಿಂಬೆಯ ಕೆಂಪು.

"ನೀರು ತಾಗಿ ರಕ್ತಕಣ ಒಡದಾವು, ಇದು ಉಪಯೋಗಿಲ್ಲ. ನಳಿಕೆ ಹಸಿ ಇತ್ತೇನೋ?"

ಅಲಿ ಮುಚ್ಚಿಡಲಿಲ್ಲ. "ಹೌದ್ರಿ ಸಾಹೇಬ್ರ. ಬಣ್ಣ ಛಲೋ ಹತ್ತಲಿ ಅಂತ ನಾನ ತೋಯಿಸಿ ಕೊಟ್ಟೆ."

ಮುದಕವ್ವ ಸೆರಗು ಕೊಡವಿ ಎದ್ದಳು. "ಇನ್ನೊಮ್ಮೆ ಸೂಜಿ ಚುಚ್ಚಿದ್ರ ನೋಡ್ರಿ!"

ಅವಳು ಹೋದರೆ ದಾರಿಯಲ್ಲೇ ಸಾಯಬಹುದು, ಅದೂ ತನ್ನ ಕೈತಪ್ಪಿನಿಂದ. ಅಲಿ ಬಾಗಿಲಿಗೆ ಅಡ್ಡ ನಿಂತ. "ಯವ್ವಾ, ತಪ್ಪು ನಂದು. ಒಮ್ಮೆ ಕೈ ಕೊಡು. ನಿನ್ನ ಬುಟ್ಟಿ ನಾ ಹೊರ್ತೇನಿ."

ಅವನ ವಂಶವನ್ನೆಲ್ಲ ಬೈದು ಅವಳು ಕೈ ಚಾಚಿದಳು.

ಈ ಸಲ ಒಣ ನಳಿಕೆ. ತಿಳಿರಸ ಹಳದಿಯಾಗಿಯೇ ಬಂತು. ತಾಸುಗಟ್ಟಲೆ ಕಾದು ಅಲಿ ಕೊನೆಯ ಔಷಧ ಸುರಿದ. ಕಣ್ಣೆದುರೇ ಕಂದು ಎದ್ದಿತು, ಹೋಲಿಸಿ ನೋಡಲು ಸಾಲಿಗಿಟ್ಟಿದ್ದ ನಮೂನೆಗಳೆಲ್ಲಕ್ಕಿಂತ ಗಾಢವಾಗಿ. ನಲವತ್ತು ವರ್ಷ ಬಣ್ಣದಲ್ಲೇ ಬದುಕಿದವನು ನಳಿಕೆಯನ್ನು ಬೆಳಕಿಗೆ ಹಿಡಿದ. ಇಂಥ ಬಣ್ಣವನ್ನು ಅವನು ಎಂದೂ ಕಂಡಿರಲಿಲ್ಲ.

ಡಾಕ್ಟರು ಮುದಕವ್ವನನ್ನು ಅಲ್ಲಾಡಬೇಡವೆಂದು ಮಲಗಿಸಿದರು. ಅವಳು ನಳಿಕೆಯನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದಳು.

"ರಾತ್ರಿಯೆಲ್ಲಾ ಹಲ್ಲು ಕಚಗೊಂಡು ಬಿದ್ದಿದ್ದೆನೋ ಅಲೀ. ಮನ್ಯಾಗ ಯಾರಿಗೂ ಹೇಳಿದ್ದಿಲ್ಲ. ಇದು ಹೇಳಿಬಿಡ್ತು ನೋಡು."

ಆರು ವಾರ ಮಲಗಿ ಮುದಕವ್ವ ಉಳಿದುಕೊಂಡಳು. ಆ ಆರೂ ವಾರ ಹಿರೇಕೆರೂರು ಸಂತೆಗೆ ಎಲೆಬುಟ್ಟಿ ಹೊತ್ತವನು ಅಲಿ. ಅವನು ಬಸ್ಸಿಗೆ ಹೊರಡುವಾಗ ಅವಳು ಹಾಸಿಗೆಯಿಂದಲೇ ಕೂಗಿ ಹೇಳುತ್ತಿದ್ದಳು:

"ಎಲಿಗೆ ನೀರು ಚಿಮುಕ್ಸೋ! ಅವನ್ನ ಒಣಗಿಸಬ್ಯಾಡ!"