ಸಬ್ಬಕ್ಕಿ ಮದುವೆ

ಯಶವಂತಪುರದ ಅಡಿಗೆ ವೇಣುಗೋಪಾಲನಿಗೆ ಮದುವೆ ಎಷ್ಟು ದೊಡ್ಡದಾದರೆ ಅಷ್ಟು ಖುಷಿ. ಹುಳಿಯ ಕೊಪ್ಪರಿಗೆಯ ಮುಂದೆ ನಿಂತನೆಂದರೆ ಗಂಟಲು ತಾನಾಗಿಯೇ ಹಾಡುತ್ತಿತ್ತು. ಕೈಕೆಳಗೆ ಆರು ಜನ, ಅವರಿಗೂ ಆ ಹಾಡಿನ ರೂಢಿ.

೧೯೭೪ರಲ್ಲಿ ಹಾಡು ನಿಂತಿತು. ಮಳೆ ಕೈಕೊಟ್ಟು ಅಕ್ಕಿಯ ಬೆಲೆ ವಾರವಾರವೂ ಏರುತ್ತಿತ್ತು. ಸಮಾರಂಭಗಳಲ್ಲಿ ಧಾನ್ಯದ ಖರ್ಚು ತಗ್ಗಿದರೆ ಬೆಲೆಯೂ ತಗ್ಗೀತೆಂದು ಸರ್ಕಾರ ಮಿತಿ ಹಾಕಿತು: ಐವತ್ತು ಜನರಿಗಿಂತ ಹೆಚ್ಚು ಮಂದಿಗೆ ಅಕ್ಕಿ, ಗೋಧಿಯ ಪದಾರ್ಥ ಬಡಿಸುವಂತಿಲ್ಲ. ಐವತ್ತು ಎಲೆಗೆ ಆರು ಜನ ಸಹಾಯಕರೇಕೆ? ವೇಣುಗೋಪಾಲ ಮುಖ ತಗ್ಗಿಸಿಕೊಂಡು ಎಲ್ಲರನ್ನೂ ಮನೆಗೆ ಕಳುಹಿಸಿದ. ಅವರು ಕಾರ್ಖಾನೆಗಳ ಗೇಟಿಗೆ ಹೋಗಿ ನಿಂತರೆ ಅಲ್ಲೂ ಹೊಸಬರಿಗೆ ಕೆಲಸವಿರಲಿಲ್ಲ.

ಅಂಥ ಹೊತ್ತಿನಲ್ಲಿ ಹೆಬ್ಬಾಳದ ಉಪೇಂದ್ರರಾಯರು ಮಗಳು ಪಂಕಜಳ ಮದುವೆಗೆಂದು ಅವನನ್ನು ಕರೆಸಿದರು.

"ಐನೂರು ಜನ ಬರ್ತಾರೆ ಭಟ್ರೇ. ಐವತ್ತು ಜನಕ್ಕೆ ಊಟ ಹಾಕಿ, ಮಿಕ್ಕೋರ್ಗೆ ಪಾನಕ ಕೊಟ್ಟು ಕಳಿಸ್ಲಾ?"

"ನಾನೇನ್ ಹೇಳ್ಲಿ ರಾಯರೇ? ಅಕ್ಕಿ ಅಗ್ಗ ಆಗ್ಲಿ ಅಂತ ನನ್ನ ಹುಡುಗ್ರೆಲ್ಲ ಮನೇಲಿ ಕೂತಿದ್ದಾರೆ."

ಪಂಕಜ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದಳು. "ಬೆಲೆ ಇಳಿಸೋದೂ ಸರ್ಕಾರಕ್ಕೆ ಬೇಕು, ಜನಕ್ಕೆ ಕೆಲಸ ಕೊಡೋದೂ ಬೇಕು. ಒಂದನ್ನ ಬಿಗಿಹಿಡಿದ್ರೆ ಇನ್ನೊಂದು ಸಡಿಲ ಆಗುತ್ತೆ, ಅದೇ ಕಷ್ಟ. ಆದ್ರೆ ಭಟ್ರೇ, ಆ ಆದೇಶ ನಾನು ಪೂರ್ತಿ ಓದಿದ್ದೀನಿ. ಗೆಡ್ಡೆ ಗೆಣಸು, ಬೇಳೆ, ಹಣ್ಣು, ಯಾವುದಕ್ಕೂ ತಡೆ ಇಲ್ಲ" ಎಂದಳು.

ವೇಣುಗೋಪಾಲನ ಕಣ್ಣು ಅರಳಿತು. "ಹಾಗಾದ್ರೆ ಸಬ್ಬಕ್ಕಿ! ಅದು ಆಗೋದು ಮರಗೆಣಸಿಂದ ಕಣಮ್ಮಾ. ಸಬ್ಬಕ್ಕಿ ಖಿಚಡಿ, ಸಬ್ಬಕ್ಕಿ ಪಾಯಸ, ಗೆಣಸಿನ ಹಲ್ವ, ಅವರೆಕಾಳು ಉಸ್ಲಿ, ಕೋಸಂಬರಿ..."

ಅವನು ಬೆರಳು ಮಡಿಚುತ್ತಿದ್ದಂತೆ ಪಂಕಜ ನಗತೊಡಗಿದಳು. ಸುದ್ದಿ ಕೇಳಿದ ಬೀಗರಿಗೆ ಮಾತ್ರ ನಗು ಬರಲಿಲ್ಲ. ವರನ ತಾಯಿ ಕೃಷ್ಣವೇಣಮ್ಮ, "ಮದುವೆ ಮನೇಲಿ ಉಪವಾಸದ ಫಲಾಹಾರವೇ? ಜನ ಏನಂದಾರು?" ಎಂದು ಮುನಿಸಿಕೊಂಡರು. ಹಿರಿಯರ ಐವತ್ತು ಎಲೆಗೆ ಅನ್ನವಿರುತ್ತದೆ, ಅದರಲ್ಲಿ ಮೊದಲನೆಯದು ನಿಮ್ಮದೇ ಎಂದು ಹೇಳಿ ಒಪ್ಪಿಸಬೇಕಾಯಿತು.

ಅನ್ನ ಬೇಯಿಸಲು ಒಂದಿಬ್ಬರು ಸಾಕು. ಮೂಟೆಗಟ್ಟಲೆ ಗೆಣಸು ಸುಲಿದು, ಅವರೆ ಬಿಡಿಸಿ, ತೆಂಗು ತುರಿಯಲು ಆರು ಜನವೂ ಸಾಲಲಿಲ್ಲ. ಹಳಬರೆಲ್ಲ ಓಡೋಡಿ ಬಂದರು. ಅಟ್ಟೂರಿನಿಂದ ಗೆಣಸು ತಂದ ಮುನಿಶಾಮಮ್ಮ ರಾಶಿ ನೋಡಿ, "ಇಂಗೆ ಕುಂತ್ರೆ ಮುಗಿಯಾಕಿಲ್ಲ ಸ್ವಾಮಿ, ನಮ್ಮೋರ್ನ ಕರ್ಕೊಂಬತ್ತೀನಿ" ಎಂದು ನಾಲ್ಕು ಹೆಂಗಸರನ್ನು ಕರೆತಂದಳು. ಹಿತ್ತಲಲ್ಲಿ ಮತ್ತೆ ಹಾಡು ಎದ್ದಿತು.

ಮುಹೂರ್ತ ಮುಗಿದು ಪಂಕ್ತಿ ಕೂತಾಗ ಚಪ್ಪರದೊಳಕ್ಕೆ ಆಹಾರ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು. ಖಿಚಡಿಯ ಪಾತ್ರೆಯ ಮುಂದೆ ನಿಂತು, "ಇದೇನ್ರೀ?" ಎಂದರು.

"ಸಬ್ಬಕ್ಕಿ ಸಾರ್" ಎಂದ ವೇಣುಗೋಪಾಲ.

"ನೀವೇ ಹೇಳ್ತಿದ್ದೀರಲ್ಲ, ಅಕ್ಕಿ ಅಂತ!"

ಉಪೇಂದ್ರರಾಯರ ಮುಖ ಬಿಳಿಚಿಕೊಂಡಿತು. ವೇಣುಗೋಪಾಲ ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಅನ್ನದ ಎಲೆಯ ಮುಂದೆ ಕೂತಿದ್ದ ಕೃಷ್ಣವೇಣಮ್ಮನ ದನಿ ಕೇಳಿತು: "ಏನ್ ಸ್ವಾಮಿ, ನಿಮ್ಮ ಮನೇಲಿ ಏಕಾದಶಿಗೆ ಅಕ್ಕಿ ತಿಂತಾರಾ? ಸಬ್ಬಕ್ಕಿ ಅಕ್ಕಿ ಆಗಿದ್ರೆ ನನ್ನ ಇಷ್ಟು ವರ್ಷದ ಉಪವಾಸ ಎಲ್ಲಾ ದಂಡ ಆಯ್ತಲ್ಲ!"

ಇಡೀ ಪಂಕ್ತಿ ಘೊಳ್ಳೆಂದಿತು. ಇನ್ಸ್‌ಪೆಕ್ಟರೂ ನಕ್ಕುಬಿಟ್ಟರು. ಅನ್ನದ ಎಲೆಗಳನ್ನು ಎಣಿಸಿ, ಸರಿಯಿದೆಯೆಂದು ತಲೆಯಾಡಿಸಿ, ರಾಯರು ಬಲವಂತ ಮಾಡಿದ ಮೇಲೆ ಒಂದು ಲೋಟ ಪಾಯಸ ಕುಡಿದರು. ಕೃಷ್ಣವೇಣಮ್ಮ ಅನ್ನ ಪಕ್ಕಕ್ಕೆ ಸರಿಸಿ, "ಎಲ್ಲಿ, ಆ ಹಲ್ವ ಇನ್ನೊಂದ್ಸಲ ಬರ್ಲಿ" ಎಂದರು.

ಸುದ್ದಿ ಯಲಹಂಕದವರೆಗೂ ಹಬ್ಬಿ ಸಬ್ಬಕ್ಕಿ ಮದುವೆಗಳು ಒಂದರ ಹಿಂದೊಂದು ಬಂದವು. ನಾಲ್ಕನೆಯ ಮದುವೆಯ ಹೊತ್ತಿಗೆ ಸಂತೆಯಲ್ಲಿ ಗೆಣಸಿನ ಬೆಲೆಯೇ ಏರಿತ್ತು. ವೇಣುಗೋಪಾಲ ಪಂಕಜಳ ಮನೆಗೆ ಹೋಗಿ ಗೊಣಗಿದ. ಅವಳು, "ಎಲ್ಲರೂ ಗೆಣಸಿನ ಹಿಂದೆ ಬಿದ್ರೆ ಇನ್ನೇನಾಗುತ್ತೆ ಭಟ್ರೇ? ಅಕ್ಕಿಗಿದ್ದ ಬೆಲೆ ಏರಿಕೆ ಈಗ ಗೆಣಸಿಗೆ ಬಂತು. ಬೆಳೆ ಹೆಚ್ಚಾಗ್ಬೇಕು, ಅದೇ ಮದ್ದು" ಎಂದಳು. ಬೆಲೆ ಕಂಡ ಮುನಿಶಾಮಮ್ಮ ಅಷ್ಟರಲ್ಲಾಗಲೇ ಇನ್ನೊಂದು ಪಟ್ಟಿ ನೆಲಕ್ಕೆ ಗೆಣಸಿನ ಬಳ್ಳಿ ನೆಟ್ಟಿದ್ದಳು.

ಮುಂದಿನ ವರ್ಷ ಮಳೆ ಚೆನ್ನಾಗಿ ಬಂತು. ಅಕ್ಕಿಯ ಬೆಲೆ ಇಳಿಯಿತು, ಮಿತಿಯೂ ಹೋಯಿತು. ಯಲಹಂಕದ ಒಂದು ಮದುವೆಯಲ್ಲಿ ವೇಣುಗೋಪಾಲ ಮತ್ತೆ ಸಾವಿರ ಎಲೆಗೆ ಬಿಳೀ ಅನ್ನ ಬೇಯಿಸಿದ. ಯಾರನ್ನೂ ಕೆಲಸದಿಂದ ಬಿಡಿಸಲಿಲ್ಲ, ಅಟ್ಟೂರಿನ ಹೆಂಗಸರೂ ಇದ್ದರು. ಯಾವಾಗಲೂ ನಿಂತೇ ತುತ್ತು ನುಂಗುತ್ತಿದ್ದವನು ಅಂದು ತನ್ನವರೊಡನೆ ಕೊನೆಯ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಮುನಿಶಾಮಮ್ಮ ತಾನೇ ಬಡಿಸಲು ನಿಂತು, "ಇನ್ನೊಸಿ ಅನ್ನ ಆಕ್ಲಾ ಸ್ವಾಮಿ?" ಎಂದಳು.

"ಹಾಕಮ್ಮಾ, ಧಾರಾಳವಾಗಿ ಹಾಕು" ಎಂದು ಅವನು ಎಲೆಯ ಮೇಲಿಂದ ಕೈ ತೆಗೆದ.