ಫೋನಿನಲ್ಲಿ ಹಾಜರಿ ಹಿಡಿಯುವ ರೊಟ್ಟಿ ಮಾಲಕೀಣಬಾಯಿ

ಸಾಸ್ತೂರದಲ್ಲಿ ರೊಟ್ಟಿ ವ್ಯಾಪಾರ ನಡೆಸುವ ಮಾಲಕೀಣಬಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಅವರ ಕೆಲಸದ ಹೆಂಗಸರು ತಂತಮ್ಮ ಮನೆಯಲ್ಲೇ ಕಡಕ್ ರೊಟ್ಟಿ ಬಡಿಯುತ್ತಿದ್ದರು. ಮಾಲಕೀಣಬಾಯಿ ದಿನಾ ಬೆಳಿಗ್ಗೆ ಒಬ್ಬೊಬ್ಬರಿಗೂ ಫೋನ್ ಹಚ್ಚಿ, ಬಡಿಯುವ ಸಪ್ಪಳ ಕೇಳಿ, "ಕಿವಿಗಿ ಬಿತ್ತು, ಹಾಜರ್!" ಅನ್ನುವರು. ಯಾರ ದನಿಯನ್ನಾದರೂ ನಕಲು ಮಾಡುವವನು ನಾನು; ಅವರ ಈ ಮಾತನ್ನೂ ಅವರ ಮುಂದೆಯೇ ನಕಲು ಮಾಡಿದ ಭಂಡ.

ಒಂದು ದಿನ, ಅವರಿಗೆ ರೊಟ್ಟಿ ಬಡಿದು ಕೊಡುತ್ತಿದ್ದ ನಮ್ಮ ಬಾಜೂಮನಿ ಕಾಕಿ ಕಣ್ಣು ತೋರಿಸಲು ನಿಲಂಗಾಕ್ಕೆ ಹೋಗಿದ್ದಳು. ಗೈರಾದರೆ ಉಮರ್ಗಾ ಹೋಟೆಲಿನ ಆರ್ಡರು ಬೇರೆ ಮನೆಯ ಪಾಲು. ರೊಟ್ಟಿ ಬಡಿಯಲು ಬಾರದ ಅವಳ ಹೊಸ ಸೊಸೆ, "ಅಣ್ಣಾ, ಇವತ್ತೊಂದಿನ ನೀನೇ ಕಾಕಿ ಆಗಪಾ" ಎಂದು ಗೋಗರೆದಳು. ಫೋನ್ ಬಂತು. ಬರೀ ಹಲಗೆಯ ಮೇಲೆ ಕಾಕಿಯಂತೆಯೇ ಪಟಪಟ ಬಡಿದೆ.

"ಸಪ್ಪಳೇನೋ ಖರೆ ಅದ," ಅಂದರು ಬಾಯಿ. "ಕಾಕಿ ಸೊಸಿಗಿ ಬೈಕೋತ ಬಡೀತಾಳ. ಬೈಗಳ ಎಲ್ಲಿ?"

ಕಾಕಿಯ ದನಿ ತೆಗೆದೆ. "ಏ ಮೈಗಳ್ಳಿ, ಹಿಟ್ಟ ನಾದು ಅಂದ್ರ ಪೌಡರ್ ಹಚ್ಕೋತ ಕುಂತೀಯೇನ? ನಿಮ್ಮವ್ವ ಇದೇ ಕಲಿಸ್ಯಾಳೇನ?"

ಬಾಯಿ ಉಸಿರುಗಟ್ಟುವಷ್ಟು ನಕ್ಕರು. "ಕಾಕಿಕಿಂತ ಚಲೋ ಬೈತೀದಿ ತಮ್ಮಾ! ಹಾಜರಿ ನಿನಗೇ ಹಾಕೀನಿ. ಇನ್ನ ರೊಟ್ಟಿನೂ ನೀನೇ ಬಡಿ. ಮಧ್ಯಾಹ್ನ ಹೋಟೆಲಿನ ಗಾಡಿ ಬರ್ತದ."

ತಿರುಗಿ ನೋಡಿದರೆ ಸೊಸೆ ತಲೆ ಮೇಲೆ ಸೆರಗು ಹೊದ್ದು, ಹಿಟ್ಟಿನ ಪರಾತವನ್ನು ನನ್ನ ಮುಂದೆ ತಳ್ಳುತ್ತಿದ್ದಳು.

"ನಾದೀನ್ರೀ ಅತ್ತಿ. ಬಡೀರಿ."