ಬುಟ್ಟಿ ನಂಬಿ ಬರೆದ ದ್ರಾಕ್ಷಿತೋಟ

ಭೂಗೋಳಶಾಸ್ತ್ರದ ಸ್ನಾತಕೋತ್ತರ ಪದವಿಯ ಕೊನೆಯ ವರ್ಷ ನಾನೊಂದು ನಕ್ಷೆ ಮಾಡಿದೆ. ತಮಿಳುನಾಡಿನ ಓಡೈಪಟ್ಟಿಯ ಸುತ್ತ ಎಲ್ಲಿ ಯಾವ ಬೆಳೆಯಿದೆಯೆಂದು ಉಪಗ್ರಹದ ಚಿತ್ರ ನೋಡಿ ಬಣ್ಣ ಹಚ್ಚುವುದು. ಆಮೇಲೆ ಗುರುಗಳು ಚೀಟಿ ಎತ್ತಿ ಗೊತ್ತುಮಾಡಿದ ಅರವತ್ತು ಜಾಗಗಳಿಗೆ ನಡೆದುಹೋಗಿ, ಕಣ್ಣಾರೆ ಕಂಡದ್ದನ್ನು ಹಾಳೆಯಲ್ಲಿ ಬರೆಯುವುದು. ಗುರುಗಳ ಸಂವಿಧಾನದಲ್ಲಿ ಇದ್ದದ್ದು ಒಂದೇ ವಿಧಿ: ಕಾಲಿಡದ ಜಾಗದ ಬಗ್ಗೆ ಬರೆಯಕೂಡದು. ಬರೆದು ಸಿಕ್ಕಿಬಿದ್ದರೆ ಪ್ರಬಂಧ ಆ ಸಲ ಸಲ್ಲಿಕೆಯಾಗದು; ಮುಂದಿನ ಸಲಕ್ಕೆ ಆರು ತಿಂಗಳು ಕಾಯಬೇಕು.

ನಲವತ್ತೊಂಬತ್ತಕ್ಕೆ ಹೋದೆ. ಉಳಿದ ಹನ್ನೊಂದು ನನ್ನ ಸೋದರಮಾವನ ಮನೆಯ ಆಸುಪಾಸಿನಲ್ಲಿದ್ದವು. ಹುಟ್ಟಿದಾಗಿನಿಂದ ಓಡಾಡಿದ ನೆಲ. ಅದನ್ನು ಹೋಗಿ ಪರೀಕ್ಷಿಸುವುದು ಹೆತ್ತ ತಾಯಿಯ ಬಳಿ ಗುರುತಿನ ಚೀಟಿ ಕೇಳಿದಂತೆ ಎಂದು ತೀರ್ಮಾನಿಸಿ, ವೇದಸಂದೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತೇ ಬರೆದು ಮುಗಿಸಿದೆ. ಮಾವನ ತೋಟದ ಮುಂದೆ ‘ದ್ರಾಕ್ಷಿ’ ಎಂದು ಬರೆಯುವಾಗಲಂತೂ ಆಧಾರ ಪಕ್ಕದಲ್ಲೇ ಇತ್ತು. ನಮ್ಮವರಲ್ಲಿ ಪ್ರತಿ ಕೊಯ್ಲಿನ ಮೊದಲ ಬುಟ್ಟಿ ಮದುವೆಯಾಗಿ ಹೋದ ಅಕ್ಕತಂಗಿಯರ ಮನೆಗೆ ಹೋಗಬೇಕು. ಅಮ್ಮನ ಪಾಲಿನ ಬುಟ್ಟಿ ಆ ವಾರ ಬಂದಿತ್ತು. ಆಧಾರವನ್ನು ತಿನ್ನುತ್ತಲೇ ಬರೆದೆ.

ಸಲ್ಲಿಕೆಗೆ ಹತ್ತು ದಿನವಿದ್ದಾಗ ಗುರುಗಳು ದಿಂಡಿಗಲ್ಲಿನಿಂದ ಜೀಪು ಮಾಡಿಕೊಂಡು ತಪಾಸಣೆಗೆ ಬಂದರು. ಕಣ್ಣುಮುಚ್ಚಿ ಹಾಳೆಯ ಮೇಲೆ ಬೆರಳಿಟ್ಟರು. ಬೆರಳು ಮಾವನ ತೋಟದ ಮೇಲೆ ಕೂತಿತು. ಹನ್ನೊಂದರಲ್ಲಿ ನಾನು ಅತ್ಯಂತ ನಂಬಿದ್ದು ಅದನ್ನೇ, ನಿರಾಳವಾದೆ.

ಮಾವ ಮಜ್ಜಿಗೆ ಕೊಟ್ಟರು. ತೋಟ ನೋಡಬೇಕಂತೆ ಎಂದೆ. ಅವರ ಮುಖ ಇಳಿಯಿತು. ಗುರುಗಳಿಗೆ ತಮಿಳು ಮಾತ್ರ ಬರುತ್ತಿತ್ತು. ಮಾವ ಅವರತ್ತ ನಗುನಗುತ್ತಲೇ ನಮ್ಮ ಮನೆಮಾತಾದ ಕನ್ನಡಕ್ಕೆ ಇಳಿದರು.

“ದ್ರಾಕ್ಷಿ ಪಂದಲು ಎಲ್ಲೈತೆ ಮಾಪ್ಳೆ? ಬಳ್ಳಿ ಕಿತ್ತು ನುಗ್ಗೆ ಹಾಕಿ ನಾಕು ತಿಂಗ್ಳಾತು.”

“ಬುಟ್ಟಿ ಬಂತಲ್ಲ ಮಾಮ!”

“ಪಕ್ಕದ ತೋಟದಾಗೆ ಇಸ್ಕೊಂಡು ಕಳಿಸ್ದೆ. ತಾತ ನಟ್ಟ ಬಳ್ಳಿ ಕಿತ್ತೆ ಅಂದ್ರೆ ನಿಮ್ಮವ್ವ ಸುಮ್ಕಿರ್ತಾಳಾ?”

“ನಾನು ತಿಂದಿದೀನಿ!”

“ಸೀಯಾಗಿತ್ತಾ ಇಲ್ವಾ?”

“ಏನಂತೆ?” ಗುರುಗಳು ತಮಿಳಿನಲ್ಲಿ ಕೇಳಿದರು.

“ಈ ವರ್ಷ ಬಿಸಿಲು ಜಾಸ್ತಿ ಅಂತಾರೆ, ಸಾರ್.”

ಮಾವ ದನಿ ತಗ್ಗಿಸುವ ಗೋಜಿಗೂ ಹೋಗಲಿಲ್ಲ. “ಆ ಪಕ್ಕದ ತೋಟಕ್ಕೇ ಓಗಾಣ. ಒಳ್ಳೆ ಪಂದಲೈತೆ. ಇದೇ ನಂದು ಅಂತೀನಿ. ವಾದ್ಯಾರಿಗೆ ಏನ್ ತಿಳೀತದೆ?”

ಜಾಗದ ಅಕ್ಷಾಂಶ ರೇಖಾಂಶದ ಅಂಕಿ ತೋರಿಸುವ ಯಂತ್ರ ನನ್ನ ಕೈಯಲ್ಲಿತ್ತು. ಗುರುಗಳ ಓದುವ ಕನ್ನಡಕ ಜೀಪಿನಲ್ಲೇ ಉಳಿದಿತ್ತು. ಈ ಎರಡೂ ಸಂಗತಿಗಳನ್ನು ಕ್ಷಣಮಾತ್ರದಲ್ಲಿ ಗಮನಿಸಿ ಜೋಡಿಸಿದೆ; ಸಂಶೋಧನೆಯ ತರಬೇತಿ ಪೂರ್ತಿ ವ್ಯರ್ಥವಾಗಿರಲಿಲ್ಲ. ಮಾವನ ಹಿಂದೆ ಹೊರಟೆ, ನನ್ನ ಹಿಂದೆ ಗುರುಗಳು.

ಪಂದಲಿನ, ಅಂದರೆ ಬಳ್ಳಿ ಹಬ್ಬಿಸಿದ ಚಪ್ಪರದ ಕೆಳಗೆ ನಿಂತೆವು. ತಲೆಗೆ ತಾಗುವಂತೆ ಗೊಂಚಲು. ಗುರುಗಳು ಮೆಚ್ಚಿ ತಲೆದೂಗಿ ಪುಸ್ತಕ ತೆಗೆದರು.

“ಕನ್ನಡಕ ಮರೆತೆನಪ್ಪ. ಆ ಸಣ್ಣ ಅಂಕಿ ಕಾಣವು. ಅಕ್ಷಾಂಶ ರೇಖಾಂಶ ನೀನೇ ಓದು, ದಪ್ಪಕ್ಕೆ ಬರೆದುಕೊಳ್ಳುತ್ತೇನೆ.”

ಹಾಳೆಯಲ್ಲಿದ್ದ ಅಂಕಿ ನನಗೆ ಬಾಯಿಪಾಠ. ಯಂತ್ರದಲ್ಲಿ ಹೊಳೆಯುತ್ತಿದ್ದದ್ದು ಬೇರೆ. ಮೊದಲ ಕೆಲವು ಅಂಕಿಗಳು ಎರಡರಲ್ಲೂ ಒಂದೇ. ಅಷ್ಟನ್ನು ಮಂತ್ರ ಹೇಳುವವನಂತೆ ಗಂಭೀರವಾಗಿ ಓದಿದೆ. ಅವರು ಬರೆದುಕೊಂಡು, ಪೆನ್ನು ಎತ್ತಿ ಹಿಡಿದು ಕಾದರು. ನನ್ನ ಮಾತಿಗೆ ಕಿವಿಗೊಟ್ಟು ನಿಂತಿದ್ದರು. ಮಾವ ಕೆಮ್ಮಿದರು.

“ಸಾರ್, ಇದು ಆ ಜಾಗವಲ್ಲ” ಎಂದೆ.

ಬುಟ್ಟಿಯಿಂದ ನುಗ್ಗೆಯವರೆಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. “ಇಂಥವು ಎಷ್ಟಿವೆ?” ಎಂದಷ್ಟೇ ಕೇಳಿದರು.

ಒಂದು ಎನ್ನಬಹುದಿತ್ತು. “ಹನ್ನೊಂದು” ಎಂದೆ.

ಪುಸ್ತಕ ಮುಚ್ಚಿದರು. “ಹಾಗಾದರೆ ಮುಂದಿನ ಸಲ ನೋಡೋಣ” ಎಂದು ಜೀಪಿನತ್ತ ನಡೆದರು.

“ಆರು ತಿಂಗ್ಳು ಓತಲ್ಲೋ!” ಮಾವ ತಲೆಯ ಮೇಲೆ ಕೈಹೊತ್ತರು. “ನಾಕು ನಂಬರು ಓದಾಕೆ ನಿಂಗೆ ಬಾಯಿ ಬರ್ಲಿಲ್ವಾ? ಇಷ್ಟು ಓದ್ಸಿ ಏನ್ ಬಂತು?”

ಮರುದಿನ ಬೆಳಿಗ್ಗೆ ಒಂದನೇ ಜಾಗದಿಂದ ಮತ್ತೆ ಶುರುಮಾಡಿದೆ. ಅರವತ್ತನ್ನೂ ನಡೆದೆ. ಜಗಲಿಯಲ್ಲಿ ಬರೆದ ಹನ್ನೊಂದರಲ್ಲಿ ಹತ್ತು ಸರಿಯಾಗಿಯೇ ಇದ್ದವು. ಈ ಸಂಗತಿಯನ್ನು ಗುರುಗಳಿಗೆ ಇವತ್ತಿನವರೆಗೂ ತಿಳಿಸಿಲ್ಲ.